ವ್ಯಾಖ್ಯಾನಕಾರ ಅಟೆನ್‌ಬರೊ

ಗಮಕ ಸಭೆಗಳಿಗೆ ಹೋಗುವ ರೂಢಿಯುಳ್ಳವರು ಬಲ್ಲರು: ವೇದಿಕೆಯ ಮೇಲೆ ಇಬ್ಬರು ಕೂತಿರುತ್ತಾರೆ. ಒಬ್ಬರು ಕಾವ್ಯವನ್ನು ರಾಗವಾಗಿ ಓದುತ್ತಾರೆ; ಇನ್ನೊಬ್ಬರು ಅದಕ್ಕೆ ವ್ಯಾಖ್ಯಾನ ಹೇಳುತ್ತಾರೆ. ಸಭೆ ಕೆಟ್ಟರೆ ಅದು ಕೆಡುವುದು ಹೆಚ್ಚಾಗಿ ಎರಡನೆಯವರಿಂದ. ಕುಮಾರವ್ಯಾಸ ಆರು ಸಾಲಿನಲ್ಲಿ ಮುಗಿಸಿದ್ದನ್ನು ವ್ಯಾಖ್ಯಾನಕಾರರು ಅರ್ಧ ಗಂಟೆ ಎಳೆಯುತ್ತಾರೆ. ನಡುವೆ ಒಂದು ಸುಭಾಷಿತ, ಒಂದು ಹಾಸ್ಯ ಚಟಾಕಿ, ತಮ್ಮ ಕಾಶೀಯಾತ್ರೆಯ ಪ್ರಸಂಗ ಎಲ್ಲವೂ ಬಂದುಹೋಗುತ್ತವೆ. ಅಷ್ಟು ಹೊತ್ತಿಗೆ ಕರ್ಣನ ಕಣ್ಣೀರು ಒಣಗಿರುತ್ತದೆ. ಪದ್ಯ ತಾನೇ ಹೇಳಿಕೊಳ್ಳುವುದನ್ನು ಬಿಟ್ಟು, ಅದು ಹೇಳಿಕೊಳ್ಳಲಾರದ್ದನ್ನಷ್ಟೇ ಹೇಳಿ ಸುಮ್ಮನಾಗುವ ವ್ಯಾಖ್ಯಾನಕಾರ ಹತ್ತರಲ್ಲಿ ಒಬ್ಬ ಸಿಕ್ಕಿದರೆ ಕೇಳುಗರ ಪುಣ್ಯ.

ದೂರದರ್ಶನದ ನಿರೂಪಕನದೂ ಇದೇ ಎರಡನೆಯ ಆಸನ. ಓದುವುದು ಚಿತ್ರ, ಅರ್ಥ ಹೇಳುವುದು ಆತನ ಪಾಲು. ನಿರೂಪಕನೆಂದರೆ ನಗುನಗುತ್ತ, ಉಸಿರು ತೆಗೆದುಕೊಳ್ಳದೆ, ಒಂದು ಕ್ಷಣವೂ ಸದ್ದು ನಿಲ್ಲದಂತೆ ಮಾತಾಡುವವನು ಎಂಬ ನಂಬಿಕೆ ನಮ್ಮ ಮನೆಮನೆಯಲ್ಲೂ ಬೇರೂರಿದೆ. ಇಂಥ ಕಾಲದಲ್ಲಿ, ಎಪ್ಪತ್ತು ವರ್ಷಕ್ಕೆ ಕಡಮೆಯಿಲ್ಲದಷ್ಟು ಕಾಲ ಆ ಎರಡನೆಯ ಆಸನದಲ್ಲಿ ಕೂತ ಇಂಗ್ಲೆಂಡಿನ ಡೇವಿಡ್ ಅಟೆನ್‌ಬರೊ ಅವರ ಕೆಲಸವನ್ನು ಸಾಹಿತ್ಯದ ಕಣ್ಣಿನಿಂದ ಒಮ್ಮೆ ನೋಡುವುದು ಅನುಚಿತವಾಗಲಾರದು. ಅವರನ್ನು ಪ್ರಾಣಿಪ್ರಿಯರೆಂದೂ ವಿಜ್ಞಾನ ಪ್ರಸಾರಕರೆಂದೂ ಹೊಗಳಿದವರು ಲೆಕ್ಕವಿಲ್ಲದಷ್ಟು ಮಂದಿ. ಅವರ ಮಾತನ್ನೂ ಮಾತಿನ ನಡುವಿನ ಮೌನವನ್ನೂ ತೂಗಿ ನೋಡಿದವರು ಕಡಮೆ. ಆ ಮೌನವೇ ಅವರ ಕಲೆಯ ಜೀವಾಳವೆಂಬುದು ನನ್ನ ಮತ. ಅವರ ಮೇಲೆ ಹೊರಿಸಬಹುದಾದ ದೊಡ್ಡ ಆಪಾದನೆಯೂ ಹುಟ್ಟಿರುವುದು ಅಲ್ಲಿಂದಲೇ.

1926ರ ಮೇ 8ರಂದು ಲಂಡನ್ನಿನ ಪಶ್ಚಿಮದಲ್ಲಿ ಹುಟ್ಟಿದ ಅಟೆನ್‌ಬರೊ ಬೆಳೆದದ್ದು ಲೆಸ್ಟರ್ ನಗರದ ಕಾಲೇಜಿನ ಆವರಣದಲ್ಲಿ. ತಂದೆ ಅಲ್ಲಿ ಪ್ರಿನ್ಸಿಪಾಲರು. ಅಣ್ಣ ರಿಚರ್ಡನಿಗೆ ನಾಟಕದ ಹುಚ್ಚು. 1982ರಲ್ಲಿ ಗಾಂಧೀಜಿಯವರನ್ನು ಕುರಿತ ಚಿತ್ರ ತೆಗೆದು ನಮ್ಮವರಿಗೆಲ್ಲ ಪರಿಚಿತರಾದವರು ಇವರೇ. ತಮ್ಮನಿಗೆ ಬಂಡೆ ಒಡೆದು ಕಲ್ಲಾಗಿಹೋದ ಚಿಪ್ಪುಗಳನ್ನು ಹುಡುಕುವ ಹುಚ್ಚು. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದವರಿಗೆ ನ್ಯೂಟ್ ಎಂಬ, ಹಲ್ಲಿಯನ್ನು ಹೋಲುವ ಕೊಳದ ಜೀವಿಗಳು ಬೇಕಾಗಿವೆಯೆಂದು ಕೇಳಿ, ಹನ್ನೊಂದು ವರ್ಷದ ಈ ಹುಡುಗ ಒಂದಕ್ಕೆ ಮೂರು ಪೆನ್ನಿಯಂತೆ ಒದಗಿಸಿದನಂತೆ. ಎಲ್ಲಿಂದ ತರುತ್ತೇನೆಂದು ಮಾತ್ರ ಬಾಯಿ ಬಿಡಲಿಲ್ಲ. ಅದು ಆ ವಿಭಾಗದ ಪಕ್ಕದಲ್ಲೇ ಇದ್ದ ಕೊಳ! ಮುಂದಿನ ವೃತ್ತಿಯ ಸೂಚನೆ ಇಲ್ಲಿಯೇ ಇದೆಯೆಂದು ಯಾರಾದರೂ ಹೇಳಿದರೆ ನಾನು ತಕರಾರು ಮಾಡುವುದಿಲ್ಲ.

ಕೇಂಬ್ರಿಜ್ಜಿನಲ್ಲಿ ಪ್ರಕೃತಿವಿಜ್ಞಾನ ಓದಿ, ನೌಕಾದಳದಲ್ಲಿ ಕಡ್ಡಾಯ ಸೇವೆ ಮುಗಿಸಿ, ಪ್ರಕಾಶಕರೊಬ್ಬರ ಬಳಿ ಮಕ್ಕಳ ವಿಜ್ಞಾನ ಪುಸ್ತಕಗಳನ್ನು ತಿದ್ದುತ್ತಿದ್ದ ತರುಣ, ಅದರಲ್ಲಿ ಬೇಸತ್ತು ಬಿಬಿಸಿಯ ರೇಡಿಯೊ ವಿಭಾಗಕ್ಕೆ ಅರ್ಜಿ ಹಾಕಿದ. ಅರ್ಜಿ ತಿರಸ್ಕೃತವಾಯಿತು. ಆದರೆ ಅದು ಆಗಿನ್ನೂ ಅಂಬೆಗಾಲಿಡುತ್ತಿದ್ದ ಟೆಲಿವಿಷನ್ ವಿಭಾಗದ ಮೇರಿ ಆಡಮ್ಸ್ ಅವರ ಕಣ್ಣಿಗೆ ಬಿದ್ದು, ಅವರು ಕರೆ ಕಳಿಸಿದರು. ಅದುವರೆಗೆ ಅಟೆನ್‌ಬರೊ ಜೀವಮಾನದಲ್ಲಿ ನೋಡಿದ್ದ ಟೆಲಿವಿಷನ್ ಕಾರ್ಯಕ್ರಮ ಒಂದೇ ಒಂದು. 1952ರಲ್ಲಿ ಕೆಲಸಕ್ಕೆ ಸೇರಿದ್ದು ತೆರೆಯ ಹಿಂದೆ. ಹಲ್ಲು ದೊಡ್ಡವು, ತೆರೆಯ ಮೇಲೆ ಬರತಕ್ಕ ಮುಖವಲ್ಲ ಎಂದು ಅದೇ ಮೇರಿ ಆಡಮ್ಸರ ತೀರ್ಪು. ಇದರಿಂದ ಒಳ್ಳೆಯದೇ ಆಯಿತೆಂದು ತೋರುತ್ತದೆ. ಇನ್ನೊಬ್ಬರ ಮಾತನ್ನು ಕತ್ತರಿಸಿ ಕೈ ಪಳಗಿದವನಿಗೆ ಮುಂದೆ ತನ್ನ ಮಾತನ್ನು ಕತ್ತರಿಸಲು ಕೈ ನಡುಗುವುದಿಲ್ಲ.

ತೆರೆಯ ಮೇಲೆ ಬಂದದ್ದು ಆಕಸ್ಮಿಕವಾಗಿ. 1954ರ ‘ಝೂ ಕ್ವೆಸ್ಟ್’ ಮಾಲಿಕೆಗಾಗಿ ಲಂಡನ್ ಮೃಗಾಲಯದ ಜ್ಯಾಕ್ ಲೆಸ್ಟರ್ ಅವರೊಡನೆ ಸಿಯೆರಾ ಲಿಯೋನಿಗೆ ಹೋಗಿ ಪ್ರಾಣಿ ಹಿಡಿದು ತಂದದ್ದಾಯಿತು. ನಿರೂಪಣೆ ಲೆಸ್ಟರ್ ಅವರದೆಂದು ಏರ್ಪಾಡು. ಮೊದಲ ಕಂತಿನ ಬೆನ್ನಿಗೇ ಅವರು ಕಾಯಿಲೆ ಬಿದ್ದರು. ನಿರ್ಮಾಪಕನೇ ಕ್ಯಾಮೆರಾದ ಮುಂದೆ ನಿಲ್ಲಬೇಕಾಯಿತು. ಹಲ್ಲಿನ ವಿಚಾರ ಆಮೇಲೆ ಯಾರೂ ಎತ್ತಲಿಲ್ಲ. ಈ ಮಾಲಿಕೆಯನ್ನು ಈಗ ನೋಡಿದರೆ ಮನಸ್ಸಿಗೆ ಸಮಾಧಾನವಾಗುವುದಿಲ್ಲ. ಕಾಡಿಗೆ ಹೋಗುವುದು, ಬಲೆ ಬೀಸುವುದು, ಪಂಜರದಲ್ಲಿಟ್ಟು ಲಂಡನ್ನಿಗೆ ಒಯ್ಯುವುದು — ಪ್ರಾಣಿಪ್ರೇಮವೆಂದರೆ ಆ ಕಾಲಕ್ಕೆ ಇದೇ ಆಗಿತ್ತು. 1956ರಲ್ಲಿ ಇಂಡೋನೇಷ್ಯದ ಕೊಮೊಡೊ ದ್ವೀಪದಲ್ಲಿ ಆ ದೈತ್ಯ ಉಡ ಬೋನಿಗೇನೋ ಬಿತ್ತು. ಹೊರಗೆ ಒಯ್ಯಲು ಅಲ್ಲಿಯ ಅಧಿಕಾರಿಗಳು ಒಪ್ಪಲಿಲ್ಲ. ಆ ಉಡವಿಲ್ಲದೆ ಮರಳಿದ ಪ್ರಯಾಣವೇ ಇಡೀ ಮಾಲಿಕೆಯಲ್ಲಿ ಹೆಚ್ಚು ನೆನಪಿನಲ್ಲಿ ನಿಂತಿರುವುದು ಒಂದು ತಮಾಷೆ.

ಅಧಿಕಾರದ ವರ್ಷಗಳನ್ನು ಇಲ್ಲಿ ಬಹಳ ವಿಸ್ತರಿಸಬೇಕಾಗಿಲ್ಲ. 1965ರಲ್ಲಿ ಬಿಬಿಸಿಯ ಎರಡನೆಯ ವಾಹಿನಿಯ ಮುಖ್ಯಸ್ಥರಾದರು. 1967ರ ಜುಲೈ 1ರಂದು ಯೂರೋಪಿನಲ್ಲೇ ಮೊದಲ ಬಾರಿಗೆ ಬಣ್ಣದ ಪ್ರಸಾರ ಆರಂಭವಾದದ್ದು ಅವರ ಉಸ್ತುವಾರಿಯಲ್ಲಿ. ಬಣ್ಣ ಬಂತು, ಇನ್ನು ತೋರಿಸುವುದೇನು ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರಗಳು ಎರಡು: ಬಣ್ಣಬಣ್ಣದ ಚೆಂಡುಗಳ ಸ್ನೂಕರ್ ಆಟ ಒಂದು, ಕೆನೆತ್ ಕ್ಲಾರ್ಕ್ ಅವರ ‘ಸಿವಿಲೈಸೇಷನ್’ ಎಂಬ ಹದಿಮೂರು ಕಂತಿನ ಕಲಾಚರಿತ್ರೆ ಇನ್ನೊಂದು. ಈ ಎರಡನ್ನೂ ಒಂದೇ ಕೈ ಆರಿಸಿತೆಂಬುದನ್ನು ನಮ್ಮ ಪಂಡಿತರೂ ನಮ್ಮ ವಾಹಿನಿಗಳವರೂ ಗಮನಿಸಬೇಕು. ಬಿಬಿಸಿಯ ಅತ್ಯುನ್ನತ ಪದವಿಗೆ ಅವರ ಹೆಸರು ಕೇಳಿಬರುತ್ತಿದ್ದಾಗಲೇ, 1972ರಲ್ಲಿ, ರಾಜೀನಾಮೆ ಕೊಟ್ಟು ಹೊರಬಂದರು. ಕಡತಗಳ ನಡುವೆ ಇದ್ದಾಗ ಅವರು ಕಲಿತದ್ದು ಕ್ಲಾರ್ಕ್ ಅವರ ಮಾದರಿ: ಒಂದು ದೊಡ್ಡ ವಿಷಯ, ಹದಿಮೂರು ಕಂತು, ಆದಿಯಿಂದ ಅಂತ್ಯದವರೆಗೆ ಒಬ್ಬನೇ ಮಾತುಗಾರ. ಕ್ಲಾರ್ಕ್ ಅವರು ಚಿತ್ರದ ಎದುರಿಗೆ ನಿಂತು ಮಾತಾಡುತ್ತಾರೆ. ನಮಗೆ ಕಾಣುವುದು ಕ್ಲಾರ್ಕ್ ಕಂಡ ಯೂರೋಪು. ಅಟೆನ್‌ಬರೊ ಮಾದರಿಯನ್ನು ಉಳಿಸಿಕೊಂಡು, ತಾವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ಈ ಸರಿದು ನಿಲ್ಲುವಿಕೆಯ ಫಲವೇ 1979ರ ‘ಲೈಫ್ ಆನ್ ಅರ್ತ್’. ಏಕಾಣುಜೀವಿಯಿಂದ ಮನುಷ್ಯನವರೆಗಿನ ಕಥೆ. ನಮ್ಮ ಬೆಂಗಳೂರು ದೂರದರ್ಶನ ಕೇಂದ್ರ ಆಗ ಇನ್ನೂ ಹುಟ್ಟಿರಲಿಲ್ಲ. ಅದು 1981ರ ಮಾತು. ಹೀಗಾಗಿ ನಮ್ಮಲ್ಲಿ ಅನೇಕರು ಇದನ್ನು ಬಹಳ ತಡವಾಗಿ ನೋಡಿದವರು. ಇದರ ಗದ್ಯವನ್ನು ಗಮನಿಸಿ. ವಾಕ್ಯಗಳು ಚಿಕ್ಕವು. ವಿಶೇಷಣಗಳು ವಿರಳ. ಕಣ್ಣಿಗೆ ಕೆಂಪಾಗಿ ಕಾಣುವ ಹಕ್ಕಿಯನ್ನು ಕೆಂಪು ಹಕ್ಕಿ ಎಂದು ಅವರು ಕರೆಯುವುದಿಲ್ಲ. ಅದು ಏಕೆ ಕೆಂಪಾಯಿತು ಎಂಬುದನ್ನು ಹೇಳುತ್ತಾರೆ. ಬೇಟೆಯ ಉತ್ಕಟ ಗಳಿಗೆಯಲ್ಲಿ ಮಾತು ನಿಂತುಬಿಡುತ್ತದೆ. ನಮ್ಮ ಕ್ರಿಕೆಟ್ ವೀಕ್ಷಕ ವಿವರಣೆಕಾರರು ಆ ಗಳಿಗೆಯಲ್ಲಿ ಏನು ಮಾಡುತ್ತಾರೆಂಬುದನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ.

ಆ ಮಾಲಿಕೆಯ ಒಂದು ದೃಶ್ಯ ಲೋಕಪ್ರಸಿದ್ಧವಾಯಿತು. ರುವಾಂಡದ ಬೆಟ್ಟದ ಕಾಡಿನಲ್ಲಿ ಗೊರಿಲ್ಲಗಳ ಹಿಂಡಿನ ಬಳಿ ಕೂತು, ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ಮಡಿಚಿಕೊಳ್ಳುವುದರಿಂದ ಆದ ಉಪಯೋಗವನ್ನು ಅವರು ವಿವರಿಸಬೇಕಾಗಿತ್ತು. ಪಾಠ ಸಿದ್ಧವಾಗಿತ್ತು. ಆದರೆ ಹಿಂಡು ತೀರ ಹತ್ತಿರಕ್ಕೆ ಬಂತು. ಮರಿಗಳು ಅವರ ಬೂಟಿಗೆ ಕೈ ಹಾಕಿದುವು. ಹೆಬ್ಬೆರಳಿನ ಪಾಠ ಎಲ್ಲಿಯೋ ಹೋಯಿತು. ಅವರು ಪಿಸುದನಿಯಲ್ಲಿ ಹೇಳಿದ್ದು ಬೇರೆಯೇ: ನಾನು ಬಲ್ಲ ಯಾವ ಪ್ರಾಣಿಯೊಡನೆಯೂ ಒಂದು ನೋಟದಲ್ಲಿ ಇಷ್ಟು ಪರಸ್ಪರ ಅರಿವು ಸಾಧ್ಯವಿಲ್ಲ, ಹಿಂಸೆಗೂ ಕ್ರೌರ್ಯಕ್ಕೂ ಗೊರಿಲ್ಲವನ್ನು ಮನುಷ್ಯ ಸಂಕೇತ ಮಾಡಿಕೊಂಡದ್ದು ಅನ್ಯಾಯ, ಹಾಗೆ ಇರುವುದು ಅದಲ್ಲ, ನಾವು — ಎಂಬ ಅರ್ಥದ ಎರಡು ಮೂರು ವಾಕ್ಯ. ನೋಡಿದವರು ಮರಿಗಳ ಆಟವನ್ನು ಮೆಚ್ಚಿ ನಕ್ಕರು. ಆದರೆ ಆ ಕೊನೆಯ ಮಾತಿನ ಹಿಂದೆ ಏನಿತ್ತು? ಅಲ್ಲಿ ಗೊರಿಲ್ಲಗಳನ್ನು ಅಭ್ಯಾಸ ಮಾಡುತ್ತಿದ್ದ ಡಯಾನ್ ಫಾಸಿ ಅವರ ಅಚ್ಚುಮೆಚ್ಚಿನ ಡಿಜಿಟ್ ಎಂಬ ಗಂಡು ಗೊರಿಲ್ಲವನ್ನು 1977ರ ಕೊನೆಯ ದಿನ ಕಳ್ಳಬೇಟೆಗಾರರು ಕೊಂದು ತಲೆ, ಕೈಗಳನ್ನು ಕಡಿದೊಯ್ದಿದ್ದರು. ಚಿತ್ರತಂಡ ಬೆಟ್ಟ ಹತ್ತಿದಾಗ ಆ ಗಾಯ ಇನ್ನೂ ಹಸಿ. ಡಿಜಿಟ್ಟಿನ ಹೆಸರು ಆ ದೃಶ್ಯದಲ್ಲಿ ಬರುವುದಿಲ್ಲ. ಬರುವುದು ‘ನಾವು’ ಎಂಬ ಒಂದು ಪದ ಮಾತ್ರ.

ನಮ್ಮ ಆಲಂಕಾರಿಕರು ಧ್ವನಿ ಎಂದದ್ದು ಇದನ್ನೇ. ಆಡಿದ ಮಾತಿನೊಳಗಿಂದ ಆಡದ ಮಾತು ಹೊಮ್ಮಬೇಕು. ಜಗತ್ತೆಲ್ಲ ಅಟೆನ್‌ಬರೊ ಅವರ ಧ್ವನಿಯನ್ನು ಹೊಗಳುತ್ತದೆ, ಕಂಠದ ಅರ್ಥದಲ್ಲಿ. ಆನಂದವರ್ಧನನ ಅರ್ಥದಲ್ಲಿ ಹೊಗಳುವುದು ಹೆಚ್ಚು ಸರಿ.

ಇಂಥದೇ ಇನ್ನೊಂದು ದೃಶ್ಯ 1998ರ ‘ದಿ ಲೈಫ್ ಆಫ್ ಬರ್ಡ್ಸ್’ ಮಾಲಿಕೆಯಲ್ಲಿದೆ. ಆಸ್ಟ್ರೇಲಿಯದ ಲೈರ್‌ಬರ್ಡ್ ಎಂಬ ಹಕ್ಕಿ ಕೇಳಿದ ಸದ್ದನ್ನೆಲ್ಲ ಅನುಕರಿಸುತ್ತದೆ. ಮೊದಲು ಬೇರೆ ಹಕ್ಕಿಗಳ ಕೂಗು. ಆಮೇಲೆ ಕ್ಯಾಮೆರಾದ ಕ್ಲಿಕ್. ಆಮೇಲೆ ಕಾರಿನ ಅಲಾರಾಂ. ಕಡೆಗೆ ಮರ ಕುಯ್ಯುವ ಯಂತ್ರಗರಗಸದ ಕೊರೆತ. ತನ್ನ ಕಾಡು ಉರುಳುವ ಸದ್ದನ್ನು ಹಕ್ಕಿ ತನ್ನ ಹೆಣ್ಣನ್ನು ಒಲಿಸಲು ಹಾಡುತ್ತಿದೆ. ಅಟೆನ್‌ಬರೊ ಯಾವ ಸದ್ದು ಯಾವುದು ಎಂದಷ್ಟೇ ಹೇಳುತ್ತಾರೆ. ಬೇರೆ ಯಾವ ನಿರೂಪಕನಾದರೂ ಇಲ್ಲಿ ಹತ್ತು ವಾಕ್ಯದ ಶೋಕಗೀತೆ ಹಾಡುತ್ತಿದ್ದ. ಆದರೆ ಒಂದು ಮಾತನ್ನು ಮುಚ್ಚಿಡಬಾರದು: ಆ ದೃಶ್ಯದ ಹಕ್ಕಿಗಳಲ್ಲಿ ಮನುಷ್ಯರ ಆಶ್ರಯದಲ್ಲಿ ಸಾಕಿದವೂ ಇದ್ದುವೆಂದು ಬಲ್ಲವರು ಆಮೇಲೆ ತೋರಿಸಿಕೊಟ್ಟರು. ಕಾಡಿನ ಗೋಳೆಂದು ನಾವು ಕೇಳಿ ಕರಗಿದ್ದು ಪಂಜರದ ಪಕ್ಕದ ಕೆಲಸದ ಸದ್ದೂ ಇದ್ದೀತು. ಅದನ್ನು ವ್ಯಾಖ್ಯಾನಕಾರರು ಹೇಳಲಿಲ್ಲ. ಇಲ್ಲಿ ಮೌನ ಧ್ವನಿಯಲ್ಲ, ಬರಿಯ ಮೌನ.

ಇದೇ ಬಗೆಯ ಪ್ರಕರಣ 2011ರಲ್ಲಿ ದೊಡ್ಡದಾಗಿ ಎದ್ದಿತು. ‘ಫ್ರೋಜನ್ ಪ್ಲಾನೆಟ್’ ಮಾಲಿಕೆಯಲ್ಲಿ ಹಿಮಕರಡಿ ಮರಿ ಹಾಕುವ ದೃಶ್ಯ ಉತ್ತರ ಧ್ರುವದ ಹಿಮಗುಹೆಯದಲ್ಲ, ನೆದರ್ಲೆಂಡಿನ ಮೃಗಾಲಯದ್ದು ಎಂದು ಪತ್ರಿಕೆಗಳು ಬರೆದುವು. ನಡುವೆ ಅದನ್ನು ಹೇಳಿದ್ದರೆ ದೃಶ್ಯದ ವಾತಾವರಣ ಕೆಡುತ್ತಿತ್ತು ಎಂದು ಅವರ ಸಮಾಧಾನ. ಕಾಡಿನ ಗುಹೆಗೆ ಕ್ಯಾಮೆರಾ ನುಗ್ಗಿಸಿದರೆ ತಾಯಿ ಮರಿಯನ್ನೇ ಕೊಂದೀತೆಂಬುದೂ ನಿಜವೇ. ರಸಭಂಗವಾಗಬಾರದೆಂಬ ವಾದ ಕವಿಗೆ ಒಪ್ಪುತ್ತದೆ. ಆದರೆ ನೋಡಿದ್ದನ್ನು ನೋಡಿದಂತೆ ತೋರಿಸುತ್ತೇನೆಂದು ಮಾತು ಕೊಟ್ಟವನಿಗೆ ಒಪ್ಪುತ್ತದೆಯೆ? ಒಪ್ಪುವುದಿಲ್ಲವೆಂದೇ ನಾನು ಹೇಳುವೆನು. ಒಂದು ವಾಕ್ಯ ಸಾಕಾಗಿತ್ತು. ಒಂದು ವಾಕ್ಯದಲ್ಲಿ ಏನನ್ನು ಬೇಕಾದರೂ ಹೇಳಬಲ್ಲ ಕಲೆಗಾರರು ಅವರು.

ಅಷ್ಟು ಹೊತ್ತಿಗೆ ಆ ಕಂಠ ಬೇರೊಂದು ರೂಪ ತಾಳಿತ್ತೆಂಬುದನ್ನೂ ಗಮನಿಸಬೇಕು. 2006ರ ‘ಪ್ಲಾನೆಟ್ ಅರ್ತ್’ ಮಾಲಿಕೆಯಲ್ಲಿ ಅವರು ಕಾಣಿಸಿಕೊಳ್ಳುವುದಿಲ್ಲ, ಕೇಳಿಸುತ್ತಾರೆ ಮಾತ್ರ. ಇದೇ ಮಾಲಿಕೆಯ ಅಮೆರಿಕದ ಪ್ರಸಾರಕ್ಕೆ ನಟಿ ಸಿಗೋರ್ನಿ ವೀವರ್ ಅವರ ಕಂಠವನ್ನು ಕೂಡಿಸಿದರು. ಬೆಟ್ಟ ಹತ್ತಿ, ಏದುಸಿರು ಬಿಡುತ್ತ, ಮರಿ ಗೊರಿಲ್ಲದ ಭಾರವನ್ನು ಮೈಮೇಲೆ ಹೊತ್ತವನ ಮಾತಿಗೂ, ಮುಗಿದ ಚಿತ್ರಕ್ಕೆ ಕೋಣೆಯಲ್ಲಿ ಕೂತು ಓದುವ ಮಾತಿಗೂ ಅಂತರವುಂಟು. ಚಿತ್ರಗಳು ಮೊದಲಿಗಿಂತ ನೂರು ಪಾಲು ಸುಂದರವಾದುವು. ಮಾತು ಮುದ್ರೆಯಾಯಿತು, ತುಪ್ಪದ ಡಬ್ಬಿಯ ಮೇಲಿನ ಮುದ್ರೆಯಂತೆ: ಅದಿದ್ದರೆ ಒಳಗಿರುವುದು ಅಸಲಿ ಎಂದು ಜನ ನಂಬುತ್ತಾರೆ.

ಆ ಸುಂದರ ಚಿತ್ರಗಳಲ್ಲಿ ಮನುಷ್ಯ ಎಲ್ಲಿ? ರಸ್ತೆ, ತಂತಿಬೇಲಿ, ಗಣಿ, ಪ್ರವಾಸಿಗರ ಜೀಪು ಯಾವುದೂ ಚೌಕಟ್ಟಿನೊಳಗೆ ಬಾರದಂತೆ ಕ್ಯಾಮೆರಾ ಜಾಗರೂಕವಾಗಿ ತಿರುಗುತ್ತದೆ. ನೋಡುವವನಿಗೆ ಭೂಮಿಯೆಲ್ಲ ಇನ್ನೂ ಏದೆನ್ ತೋಟದಂತೆಯೇ ಇದೆಯೆಂಬ ಭ್ರಮೆ. 2018ರ ನವೆಂಬರಿನಲ್ಲಿ ‘ಗಾರ್ಡಿಯನ್’ ಪತ್ರಿಕೆಯ ಅಂಕಣಕಾರ ಜಾರ್ಜ್ ಮಾನ್‌ಬಿಯೊ ಅಟೆನ್‌ಬರೊ ಅವರು ತಾವು ಪ್ರೀತಿಸುವ ಲೋಕಕ್ಕೇ ದ್ರೋಹ ಬಗೆದರೆಂದು ಕಟುವಾಗಿ ಬರೆದರು. ಆ ದಿನಗಳಲ್ಲೇ ಅಟೆನ್‌ಬರೊ, ಸದಾ ಎಚ್ಚರಿಕೆಯ ಗಂಟೆ ಬಾರಿಸಿದರೆ ಜನ ಮುಖ ತಿರುಗಿಸುತ್ತಾರೆ ಎಂದಿದ್ದರು. ದ್ರೋಹವೆಂಬುದು ಅತ್ಯುಕ್ತಿ. 2000ದಲ್ಲಿ, 2006ರಲ್ಲಿ ಅವರು ಅಪಾಯವನ್ನು ಕುರಿತೇ ಕಾರ್ಯಕ್ರಮ ಮಾಡಿದ್ದುಂಟು. ಆದರೂ ಆ ಕಾರ್ಯಕ್ರಮಗಳು ಬೇರೆ, ಸೌಂದರ್ಯದ ಮಾಲಿಕೆಗಳು ಬೇರೆ ಎಂಬ ಮಡಿ ಇತ್ತು. ಕೋಟಿಗಟ್ಟಲೆ ಜನ ನೋಡಿದ್ದು ಎರಡನೆಯದನ್ನು. ಮಾನ್‌ಬಿಯೊ ಅವರ ಬೈಗುಳ ಕಳೆದರೂ ಆಪಾದನೆಯ ತಿರುಳು ಉಳಿಯುತ್ತದೆಯೆಂದು ಒಪ್ಪಲೇಬೇಕು.

ಈ ಮಡಿ ಮುರಿದದ್ದು ತೊಂಬತ್ತು ದಾಟಿದ ಮೇಲೆ. 2017ರ ‘ಬ್ಲೂ ಪ್ಲಾನೆಟ್ 2’ ಮಾಲಿಕೆಯಲ್ಲಿ ಪ್ಲಾಸ್ಟಿಕ್ಕಿನ ವಿಚಾರ ಬಂದಾಗ ಬ್ರಿಟನ್ನಿನಲ್ಲಿ ದೊಡ್ಡ ಗದ್ದಲವೇ ಆಯಿತು. ಸತ್ತ ಮರಿಯನ್ನು ಬಿಡದೆ ಹೊತ್ತು ಈಜುವ ತಾಯಿ ತಿಮಿಂಗಿಲದ ದೃಶ್ಯ ಅದರಲ್ಲಿದೆ. ತಾಯ ಹಾಲೇ ವಿಷವಾಗಿದ್ದಿರಬಹುದು ಎಂದು ವ್ಯಾಖ್ಯಾನ. ಚಿತ್ರದಲ್ಲಿ ಇದಕ್ಕೆ ಆಧಾರವೇನೂ ಇಲ್ಲ. ‘ಇರಬಹುದು’ ಎಂಬ ಪದದ ಊರುಗೋಲು ಮಾತ್ರ. ಇಷ್ಟು ದಿನ ಪದ್ಯಕ್ಕಿಂತ ಕಡಮೆ ಹೇಳುತ್ತಿದ್ದವರು ಇಲ್ಲಿ ಪದ್ಯಕ್ಕಿಂತ ಹೆಚ್ಚು ಹೇಳಿದರು. ಪರಿಣಾಮ ಒಳ್ಳೆಯದಾಯಿತೆಂಬ ಕಾರಣಕ್ಕೆ ವಿಮರ್ಶಕ ಸುಮ್ಮನಿರಲಾಗದು. 2020ರ ‘ಎ ಲೈಫ್ ಆನ್ ಅವರ್ ಪ್ಲಾನೆಟ್’ ನನಗೆ ಇದಕ್ಕಿಂತ ಹೆಚ್ಚಿನ ಕೃತಿಯಾಗಿ ಕಾಣುತ್ತದೆ. ಚೆರ್ನೋಬಿಲ್ ದುರಂತದಿಂದ ಬರಿದಾದ ಪ್ರಿಪ್ಯಾತ್ ನಗರದಲ್ಲಿ ಮುದುಕನೊಬ್ಬ ಒಡೆದ ಗಾಜಿನ ಮೇಲೆ ನಡೆಯುತ್ತಾನೆ. ನಡುನಡುವೆ ಕಪ್ಪು ತೆರೆಯ ಮೇಲೆ ಲೆಕ್ಕ ಬರುತ್ತದೆ: 1937ರಲ್ಲಿ ಜನಸಂಖ್ಯೆ 230 ಕೋಟಿ, ಉಳಿದ ಕಾಡುನೆಲ ನೂರಕ್ಕೆ 66, 2020ರಲ್ಲಿ ಜನಸಂಖ್ಯೆ 780 ಕೋಟಿ, ಕಾಡುನೆಲ ನೂರಕ್ಕೆ 35. ಅಂಕಿಗಳು ಬಂದಾಗ ಮಾತಿಲ್ಲ. ತಮ್ಮ ಹಳೆಯ ಚಿತ್ರಗಳನ್ನೇ ಮತ್ತೆ ತೋರಿಸಿ, ಆ ಚೌಕಟ್ಟಿನ ಹೊರಗೆ ಆಗ ಏನು ನಡೆದಿತ್ತೆಂಬುದನ್ನು ಹೇಳುತ್ತಾರೆ. ತನ್ನ ವ್ಯಾಖ್ಯಾನಕ್ಕೆ ತಾನೇ ವ್ಯಾಖ್ಯಾನ ಬರೆದ ಉದಾಹರಣೆ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ.

ಅದೇ ವರ್ಷದ ಜನವರಿಯಲ್ಲಿ ಆ ಕಂಠ ನಮ್ಮೂರಿನ ಚಿತ್ರಮಂದಿರಗಳಲ್ಲೂ ಕೇಳಿಸಿತು. ಕಲ್ಯಾಣ್ ವರ್ಮ ಮತ್ತು ಅಮೋಘವರ್ಷ ಅವರು ಅರಣ್ಯ ಇಲಾಖೆಯ ಸಹಯೋಗದಲ್ಲಿ ತೆಗೆದ ‘ವೈಲ್ಡ್ ಕರ್ನಾಟಕ’ಕ್ಕೆ ಅಟೆನ್‌ಬರೊ ವ್ಯಾಖ್ಯಾನ ಹೇಳಿದರು, ಅದಕ್ಕಾಗಿ ರಾಷ್ಟ್ರಪ್ರಶಸ್ತಿಯೂ ಸಂದಿತು. ಕನ್ನಡದ ಆವೃತ್ತಿಗೆ ರಿಷಬ್ ಶೆಟ್ಟಿ ದನಿ ಕೊಟ್ಟರು. ಡಬ್ಬಿಂಗ್ ಕೂಡದೆಂಬ ಕಟ್ಟು ದಶಕಗಳ ಕಾಲ ನಡೆದುಬಂದ ನಮ್ಮ ನಾಡಿನಲ್ಲಿ, ಕನ್ನಡವೊಂದನ್ನೇ ಬಲ್ಲ ಮಗುವಿಗೆ ಇಂಥ ಚಿತ್ರಗಳು ಮೂಕಚಿತ್ರಗಳೇ ಆಗಿದ್ದುವೆಂಬುದನ್ನು ನೆನೆದರೆ, ಇದು ಸಣ್ಣ ಸಂಗತಿಯಲ್ಲ.

ಆದರೆ ಕನ್ನಡಕ್ಕೆ ಬಂದ ಪ್ರಾಣಿಚಿತ್ರಗಳ ಮಾತು ಸಾಮಾನ್ಯವಾಗಿ ಏಕೆ ಸೊರಗುತ್ತದೆ? ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ. ಹುಲಿ ನೆಗೆಯುವುದಕ್ಕೂ ಆ ಪದ ಬೀಳುವುದಕ್ಕೂ ತಾಳ ಕೂಡುತ್ತದೆ. ಅದನ್ನು ಹಾಗೆಯೇ ಕನ್ನಡಿಸಿ, ‘ಬೆಳಗಿನಿಂದ ಹುಲ್ಲಿನ ಮರೆಯಲ್ಲಿ ಕಾದಿದ್ದ ಈ ಹೆಣ್ಣುಹುಲಿ ಗುಂಪಿನಿಂದ ಅಗಲಿದ ಜಿಂಕೆಯ ಮೇಲೆ’ ಎನ್ನುವಷ್ಟರಲ್ಲಿ ಹುಲಿ ನೆಗೆದು, ಜಿಂಕೆ ತಪ್ಪಿಸಿಕೊಂಡು ಓಡಿಯೂ ಆಗಿರುತ್ತದೆ. ‘ಎರಗುತ್ತದೆ’ ಎಂಬ ಪದ ಬರಿಯ ಹುಲ್ಲಿನ ಮೇಲೆ ಬೀಳುತ್ತದೆ. ಹಳ್ಳಿಯಲ್ಲಿ ಹುಲಿ ಕಂಡವನು ಹೀಗೆ ಹೇಳುವುದಿಲ್ಲ. ‘ಕಾದಿತ್ತು. ಬೆಳಗಿಂದ ಕಾದಿತ್ತು. ಹಾರಿತು’ ಎನ್ನುತ್ತಾನೆ. ಅಟೆನ್‌ಬರೊ ಅವರಿಂದ ನಮ್ಮವರು ಕಲಿಯಬೇಕಾದದ್ದು ಪಿಸುದನಿಯನ್ನಲ್ಲ. ಅದನ್ನು ಈಗಾಗಲೇ ಬಹಳ ಜನ ಕಲಿತು ಕೆಡಿಸಿದ್ದಾರೆ.

ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಓದಿದವರಿಗೆ ಇನ್ನೊಂದು ಅಂಶವೂ ಹೊಳೆದೀತು. ಅಲ್ಲಿ ಕಾಡಿನಷ್ಟೇ ಜಾಗ ಮಾರನಿಗೂ ಪ್ಯಾರನಿಗೂ ಕಿವಿ ಎಂಬ ನಾಯಿಗೂ ಉಂಟು. ಬೇಟೆ, ಜಗಳ, ನಗು, ಪೆದ್ದತನ ಎಲ್ಲ ಒಂದೇ ಚೌಕಟ್ಟಿನೊಳಗೆ. ‘ವೈಲ್ಡ್ ಕರ್ನಾಟಕ’ದ ಹುಲಿ, ಆನೆ, ಕಾಳಿಂಗಗಳ ನಾಡು ಕಣ್ಣಿಗೆ ಹಬ್ಬ, ಅದು ನಮ್ಮದೇ ಎಂದು ಹೆಮ್ಮೆಯಾಗುತ್ತದೆ. ಸಕಲೇಶಪುರದ ಕಾಫಿ ತೋಟದಲ್ಲಿ ಮುಂಜಾನೆ ಕೆಲಸಕ್ಕೆ ಹೊರಟವಳು ಆನೆಯ ಲದ್ದಿ ಇನ್ನೂ ಬಿಸಿಯಾಗಿದೆಯೇ ಎಂದು ನೋಡಿ ಹೆಜ್ಜೆಯಿಡುವುದು ಆ ಚಿತ್ರದ ವಸ್ತುವಲ್ಲ. ಅದಕ್ಕಾಗಿ ಅಟೆನ್‌ಬರೊ ಅವರನ್ನು ದೂರಿ ಫಲವಿಲ್ಲ. ಅದು ಲಂಡನ್ನಿನಲ್ಲಿ ಕೂತು ಹೇಳಬಹುದಾದ ವ್ಯಾಖ್ಯಾನವೂ ಅಲ್ಲ.